ಅಳತೆ ಪುಸ್ತಕ ಮತ್ತು ಹನ್ನೊಂದು ಸಾಲು

ಓದಿ ಮುಗಿದ ಹಾಳೆಗಳನ್ನು ಇಸ್ತ್ರಿ ಪೆಟ್ಟಿಗೆ ಹೊತ್ತಿಸಲು ಬಳಸಬಹುದು ಎಂದು ಹೇಳಿದವನು ನಾನೇ ಇರಬಹುದು. ನನಗೆ ನೆನಪಿರುವುದು ಹಾಗಲ್ಲ. ನನ್ನ ನೆನಪಿನಲ್ಲಿ ದರ್ಜಿಯವರೇ, ಯಾರನ್ನೂ ಕೇಳದೆ, ಒಂದು ಹಾಳೆ ತೆಗೆದುಕೊಂಡು ಸುರುಳಿ ಸುತ್ತಿ, ಪೆಟ್ಟಿಗೆಯೊಳಗಿನ ತೆಂಗಿನ ಕರಟದ ಚೂರುಗಳ ಕೆಳಗೆ ತುರುಕಿ ಕಡ್ಡಿ ಗೀರುತ್ತಾರೆ. ಅವರ ಮಗಳ ನೆನಪು ಬೇರೆ. "ನೀವೇ ಅಂದ್ರಲ್ಲ ಸಾರ್, ಕಂಪ್ಯೂಟರ್ ಒಳಗೆ ಹೋದ್ಮೇಲೆ ಇದ್ಯಾಕೆ ಇನ್ನ ಅಂತ" ಎಂದು ಅವಳು ಆಮೇಲೊಂದು ದಿನ ಹೇಳಿದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಬಾಬಿನ್‌ಗೆ ದಾರ ಸುತ್ತುತ್ತ, ಆಗಿಹೋದದ್ದನ್ನು ಹೇಳುವ ಹಾಗೆ ಹೇಳಿದಳು.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಇಬ್ಬರು ಬೇರೆ ಬೇರೆ ಹೇಳಿದರೆ ಯಾರ ಮಾತು ಯಾರಿಗೆ ಅನುಕೂಲ ಎಂದು ಮೊದಲು ನೋಡುವ ಅಭ್ಯಾಸ ವಿಶ್ವವಿದ್ಯಾಲಯದ ದಿನಗಳಿಂದಲೂ ಇದೆ. ಅವಳ ನೆನಪಿನಿಂದ ಅವಳಿಗೇನೂ ಸಿಗುವುದಿಲ್ಲ. ನನ್ನ ನೆನಪು ನನಗೆ ತುಂಬಾ ಅನುಕೂಲವಾಗಿದೆ. ಅದನ್ನು ನಂಬದಿರಲು ಇಷ್ಟು ಸಾಕು.

ಆ ವರ್ಷ ಬೇಸಿಗೆ ರಜೆಯಲ್ಲಿ ನನಗೆ ಕೆಲಸವಿರಲಿಲ್ಲ. ತಿಪಟೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ ನಾನು. ಪರೀಕ್ಷೆ ಮುಗಿದರೆ ಮುಂದಿನ ಆದೇಶ ಬರುವವರೆಗೆ ಅತಿಥಿಯೂ ಅಲ್ಲ, ಉಪನ್ಯಾಸಕನೂ ಅಲ್ಲ. ಕೈಕಟ್ಟಿ ಕೂರುವುದು ನನ್ನಿಂದಾಗದು. ಪ್ರೋಗ್ರಾಂ ಬರೆಯುವುದನ್ನು ಬುಡದಿಂದ ಕಲಿಯೋಣ ಎಂದು ಒಂದು ಪುಟ್ಟ ಎಡಿಟರ್ ಹಿಡಿದೆ. ಅಕ್ಷರ ಟೈಪಿಸಿ, ತಿದ್ದಿ, ಉಳಿಸುವ ತಂತ್ರಾಂಶ, ಅಷ್ಟೇ. ಸಾವಿರ ಸಾಲಿನ ಆಸುಪಾಸು. ಎಲ್ಲೋ ದೂರದ ಊರಿನ ಯಾರೋ ಬರೆದು, ಬೇಕಾದವರು ತೆಗೆದುಕೊಂಡು ತಮಗೆ ಬೇಕಾದಂತೆ ಬೆಳೆಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಸಾವಿರ ಸಾಲನ್ನು ಒಬ್ಬ ಮನುಷ್ಯ ಪೂರ್ತಿ ತಲೆಯಲ್ಲಿಟ್ಟುಕೊಳ್ಳಬಹುದು ಎಂಬ ಧೈರ್ಯದಿಂದ ಅದನ್ನೇ ಆರಿಸಿಕೊಂಡೆ.

ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ನಮಗೆ ಒಂದಾಗಿ ಕಾಣುವ ಅಕ್ಷರ ಅದಕ್ಕೆ ಆರೇಳು ಚೂರು. ಒಂದು ಸಲ ಅಳಿಸಿದರೆ ಒಂದು ಚೂರು ಮಾತ್ರ ಹೋಗಿ, ಉಳಿದದ್ದು ಪರದೆಯ ಮೇಲೆ ಮುರಿದ ಹಲ್ಲಿನಂತೆ ನಿಲ್ಲುತ್ತಿತ್ತು. ಅದನ್ನು ಸರಿಪಡಿಸಲು ಮೂರು ವಾರ ಹಿಡಿಯಿತು. ಸರಿಯಾದ ದಿನ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋಗಿ ದರ್ಜಿಯವರಿಗೆ ಹೇಳಿದೆ.

ನನ್ನ ಅಪ್ಪನ ಅಂಗಿಗಳನ್ನೂ ಅವರೇ ಹೊಲಿದದ್ದು. ಅವರ ಅಂಗಡಿಯ ಪಕ್ಕ ಅವರ ತಮ್ಮನ ಪಂಪ್ ರಿಪೇರಿ ಅಂಗಡಿ; ಒಂದು ಕಡೆ ಗ್ರೀಸಿನ ವಾಸನೆ, ಇನ್ನೊಂದು ಕಡೆ ಸುಟ್ಟ ಕರಟದ ವಾಸನೆ. ಊರಿನಲ್ಲಿ ಎಲ್ಲರೂ ಕರೆಂಟಿನ ಇಸ್ತ್ರಿಗೆ ಬಂದರೂ ಅವರು ಕರಟದ ಕೆಂಡ ಬಿಟ್ಟಿರಲಿಲ್ಲ. ಈ ಸೀಮೆಯಲ್ಲಿ ಕರಟಕ್ಕೇನು ಬರ?

ಅವರ ಕಸುಬು ನಡೆಯುತ್ತಿದ್ದದ್ದು ಒಂದು ಅಳತೆ ಪುಸ್ತಕದ ಮೇಲೆ. ತೋಟದ ಮನೆಗಳ ಗಂಡಸರು ಹೊಲಿಸಿಕೊಳ್ಳಲೆಂದು ಪೇಟೆಗೆ ಬರುವುದು ಜೀವಮಾನದಲ್ಲಿ ಒಂದೇ ಸಲ. ಆಮೇಲೆ ಬಟ್ಟೆ ಮಾತ್ರ ಬರುತ್ತದೆ. ಕೊಬ್ಬರಿ ಮಾರಲು ಮಾರ್ಕೆಟ್ಟಿಗೆ ಬಂದ ಪಕ್ಕದ ಮನೆಯವನ ಕೈಯಲ್ಲೋ ಬಸ್ಸಿನ ಕಂಡಕ್ಟರ್ ಕೈಯಲ್ಲೋ ಒಂದು ಗಂಟು. "ಕಂದಿಕೆರೆದು, ಅದೇ ಅಳತೆ" ಎಂದರೆ ಮುಗಿಯಿತು. ವಾರ ಬಿಟ್ಟು ಅದೇ ಬಸ್ಸಿನಲ್ಲಿ ಅಂಗಿ ಹೋಗುತ್ತದೆ. ಮೂವತ್ತು ವರ್ಷಕ್ಕೂ ಮೀರಿ ಹೀಗೇ ನಡೆದಿತ್ತು.

ಹಿಂದಿನ ಮಳೆಗಾಲದಲ್ಲಿ ಹೆಂಚು ಸರಿದು ಪುಸ್ತಕ ನೆನೆದಿತ್ತು. ಆಮೇಲೆ ಗೆದ್ದಲು ಹತ್ತಿತು. ಅದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಸಕ್ಕರೆ ಕಾಯಿಲೆ ಅವರ ಕಣ್ಣು ತಿನ್ನುತ್ತಿತ್ತು. ಪುಸ್ತಕ ತುಂಬಾ ಅವರದೇ ಉರ್ದು ಬರಹ, ಅವರದೇ ಗುರುತುಗಳು. ಕನ್ನಡ ಶಾಲೆಯಲ್ಲಿ ಓದಿದ ಮಗಳಿಗೆ ಅದು ಓದಲು ಬರದು. ಮಗಳು ಹೊಲಿಗೆಯಲ್ಲಿ ಅಪ್ಪನಿಗಿಂತ ಚುರುಕು. ಗಂಡನ ಮನೆ ಬಿಟ್ಟು ಬಂದವಳು, ಅಂಗಡಿ ಅವಳಿಗೇ ಎಂದು ನಿರ್ಧಾರವಾಗಿತ್ತು. ಆದರೆ ಅಳತೆಗಳಿಲ್ಲದಿದ್ದರೆ ಅವಳಿಗೆ ಸಿಗುವುದು ಎರಡು ಮೆಷಿನ್ನು ಮತ್ತು ಒಂದು ಬಾಡಿಗೆ ಮಳಿಗೆ ಮಾತ್ರ.

"ನಿಮ್ಮ ಮೆಷಿನ್ನಿಗೆ ಕನ್ನಡ ಬತ್ತದೆ ಅಂದ್ರಲ್ಲ ಮೇಷ್ಟ್ರೇ," ಎಂದರು ದರ್ಜಿಯವರು. "ನಾನ್ ಓದ್ತೀನಿ, ನೀವ್ ಒತ್ಕಳಿ. ಕಣ್ಣಿರೋವಾಗ್ಲೇ ಆಗೋಗ್ಲಿ."

ಮಗಳು ಒಳಗಿನಿಂದ, "ಫೋನಲ್ಲಿ ಫೋಟೋ ಹೊಡ್ಕಂಡ್ರೆ ಆಗಲ್ವಾ ಅಬ್ಬಾ?" ಎಂದಳು.

ನಾನು ನಕ್ಕೆ. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ, ನನಗೆ ಅನುಕೂಲವಲ್ಲದ ನೆನಪಾದ್ದರಿಂದ ನಂಬುತ್ತೇನೆ ಕೂಡ. "ಫೋಟೋದಲ್ಲಿ ಹುಡುಕೋಕಾಗಲ್ಲ. ನನ್ನ ಎಡಿಟರ್‌ನಲ್ಲಿ ಕಂದಿಕೆರೆ ಅಂತ ಒತ್ತಿದ್ರೆ ಕಂದಿಕೆರೆಯವರೆಲ್ಲ ಸಾಲಾಗಿ ನಿಲ್ತಾರೆ" ಎಂದೆ. ನಿಜ ಹೇಳಬೇಕೆಂದರೆ ಹುಡುಕುವ ಭಾಗವನ್ನು ನಾನಿನ್ನೂ ಬರೆದಿರಲಿಲ್ಲ.

ದಿನಾ ಮಧ್ಯಾಹ್ನ ಊಟದ ಮೇಲೆ ಕೂರುತ್ತಿದ್ದೆವು. ಆ ಹೊತ್ತಿಗೆ ಬಿಸಿಲು ಬಾಗಿಲಿನಿಂದ ನೇರ ಕಟಿಂಗ್ ಟೇಬಲ್ಲಿನ ಮೇಲೆ ಬೀಳುತ್ತಿತ್ತು, ಅವರಿಗೆ ಆ ಬೆಳಕು ಬೇಕಿತ್ತು. ಅಂಟಿಕೊಂಡ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿ, ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ ಓದುತ್ತಿದ್ದರು.

"ಕಂದಿಕೆರೆ. ಹುಣಸೆಮರದ ಮನೆ, ಹಿರಿಯವ್ರು. ಎದೆ ನಲವತ್ತು. ಈವಯ್ಯ ಟೇಪು ಇಟ್ಟೇಟ್ಗೆ ಹೊಟ್ಟೆ ಒಳಕ್ಕೆ ಎಳ್ಕಂತಾನೆ. ಬರ್ಕಳಿ ಅದನ್ನ: ಉಸಿರು ಬುಟ್ಮೇಲೆ ನಲವತ್ತೆರಡು."

"ಅದನ್ನೂ ಬರೀಬೇಕಾ?"

"ಮತ್ತೆ? ಉಸಿರು ಹಿಡ್ಕಂಡೇ ಅಂಗಿ ಹಾಕ್ಕಂಡು ಓಡಾಡ್ತಾನಾ ಅವ್ನು?"

ಪುಸ್ತಕದಲ್ಲಿ ಹೆಸರುಗಳು ಕಡಿಮೆ. ಮನೆಯ ಗುರುತು, ಮೈಯ ಗುರುತು ಇಷ್ಟೇ. ಒಬ್ಬನ ಎಡಗೈ ಅರ್ಧ ಇಂಚು ಗಿಡ್ಡ. ಒಬ್ಬನಿಗೆ ಮರದಿಂದ ಬಿದ್ದ ಮೇಲೆ ಬೆನ್ನು ಬಾಗಿ ಹಿಂಭಾಗ ಉದ್ದ ಇಡಬೇಕು. ಮಾಯಸಂದ್ರದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಚೀಲ ಹೊತ್ತು ಹೊತ್ತು ಒಂದು ಭುಜವೇ ಇಳಿದಿತ್ತು. ಒಂದು ಹಾಳೆಯಲ್ಲಿ ನನ್ನ ಅಪ್ಪನೂ ಬಂದರು. ದರ್ಜಿಯವರು ಭೂತಗನ್ನಡಿ ಪಕ್ಕಕ್ಕಿಟ್ಟು, "ಇದು ಬ್ಯಾಡ ಬುಡಿ, ಹೋದೋರ್ದು ಯಾಕೆ" ಎಂದರು. ನಾನು ಬೇಕು ಎಂದೆ. ಎದೆ ಮೂವತ್ತಾರು, ಕೊರಳು ಹದಿನಾಲ್ಕೂವರೆ. ಉಳಿದದ್ದು ನೆನಪಿಲ್ಲ. ಈ ಎರಡೂ ಸರಿಯೋ ತಪ್ಪೋ ಇನ್ನು ಯಾರನ್ನೂ ಕೇಳುವಂತಿಲ್ಲ.

ಇಲ್ಲಿ ನಮ್ಮ ಅರಳಗುಪ್ಪೆ ಮನೆಯ ಅಟ್ಟದ ವಿಷಯ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ. ಕೊಬ್ಬರಿಯಾಗಬೇಕಾದ ಕಾಯಿಯನ್ನು ನಮ್ಮಲ್ಲಿ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟುಕೊಂಡು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅವಸರಪಟ್ಟು ಒಡೆದರೆ ಅರ್ಧ ಹಸಿ, ಅರ್ಧ ಕೌಟು ವಾಸನೆ. ಚಿಕ್ಕವನಿದ್ದಾಗ ನಾನು ಏಣಿ ಹತ್ತಿ ಒಂದೊಂದೇ ಕಾಯಿ ಕಿವಿಗಿಟ್ಟು ಅಲ್ಲಾಡಿಸುತ್ತಿದ್ದೆ. ಅಜ್ಜಿ ಕೆಳಗಿನಿಂದ, "ಇಳಿಯೋ ಮೂದೇವಿ! ನೀನ್ ಅಲ್ಲಾಡ್ಸಿದ್ರೆ ಬಿರ್ರನೆ ಒಣಗ್ತದೇನ್ಲಾ? ಇಳಿಸೋ ದಿನ ಎಲ್ಲಾ ಒಟ್ಟಿಗೇ ಇಳೀತವೆ, ಅಲ್ಲೀಗಂಟ ಮುಟ್ಬ್ಯಾಡ" ಎನ್ನುತ್ತಿದ್ದಳು. ಮುಗಿಯುವ ಮುಂಚೆ ಮುಟ್ಟಿ ನೋಡುವವನು ಕೆಲಸಗೇಡಿ ಎಂಬುದು ನಮ್ಮ ಕಡೆ ಎಲ್ಲರ ಮೈಗೂ ಹತ್ತಿದ ಮಾತು.

ಎಡಿಟರ್‌ನಲ್ಲಿಯೂ ಅದನ್ನೇ ಅಳವಡಿಸಿದೆ. ಟೈಪಿಸಿದ್ದೆಲ್ಲ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಲ್ಲೇ ಇರುತ್ತದೆ. ಪುಸ್ತಕವೆಲ್ಲ ಮುಗಿದ ದಿನ ಒಂದೇ ಸಲ ಡಿಸ್ಕಿಗೆ ಇಳಿಯುತ್ತದೆ. ಆ ಭಾಗಕ್ಕೆ 'ಅಟ್ಟ' ಎಂದೇ ಹೆಸರಿಟ್ಟಿದ್ದೆ. ನಡುನಡುವೆ ಉಳಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್ ಒಂದು ಗಳಿಗೆ ತಡವರಿಸುತ್ತಿತ್ತು, ದರ್ಜಿಯವರ ಓದಿನ ಓಟ ತಪ್ಪೀತು ಎನ್ನಿಸಿತ್ತು. ಅದಕ್ಕಿಂತ ಹೆಚ್ಚಾಗಿ, ಅರ್ಧ ಆದದ್ದನ್ನು ಉಳಿಸುವುದು ನನಗೆ ಕೊಳಕು ಎನ್ನಿಸುತ್ತಿತ್ತು. ಸಂಜೆ ಹೊರಡುವಾಗ ಮುಚ್ಚಳ ಮುಚ್ಚುತ್ತಿದ್ದೆ, ಮರುದಿನ ತೆರೆದರೆ ಎಲ್ಲ ಹಾಗೇ ಇರುತ್ತಿತ್ತು. ಆ ಕಂಪ್ಯೂಟರನ್ನು ಒಮ್ಮೆಯೂ ಆರಿಸಲಿಲ್ಲ.

ಇದನ್ನು ಹೆಮ್ಮೆಯಿಂದ ದರ್ಜಿಯವರಿಗೂ ವಿವರಿಸಿದ್ದೆ. ಅವರು ಕೇಳಿಸಿಕೊಂಡು, "ನಮ್ದು ಅಟ್ಟ ಇಲ್ದಿರೋ ಮನೆ ಮೇಷ್ಟ್ರೇ, ನಂಗೊತ್ತಿಲ್ಲ," ಎಂದರು. "ಆದ್ರೂ ಅಟ್ಟ ಅಂದ್ಮೇಲೆ ಹೆಗ್ಗಣ ಇರ್ತವಲ್ಲ?"

ಎಲ್ಲರೂ ನಕ್ಕೆವು. ನಾನು ಹೆಚ್ಚು ನಕ್ಕಿರಬೇಕು.

ಹಾಳೆಗಳು ಸುಡಲು ಶುರುವಾದದ್ದು ಎರಡನೆಯ ದಿನವೋ ಮೂರನೆಯ ದಿನವೋ. ಬಿಡಿಸುವಾಗಲೇ ಅವು ಹಪ್ಪಳದಂತೆ ಮುರಿಯುತ್ತಿದ್ದವು, ಟೇಬಲ್ಲಿನ ಮೇಲೆ ಗೆದ್ದಲಿನ ಮಣ್ಣು ಉದುರಿ ಬಿಳಿ ಬಟ್ಟೆಗೆ ಹತ್ತುತ್ತಿತ್ತು. ಮಗಳು ಗೊಣಗುತ್ತಿದ್ದಳು. ಆಗ ಯಾರೋ ಏನೋ ಅಂದರು. ಅಲ್ಲಿಂದ ಮುಂದೆ ಪ್ರತಿ ಮಧ್ಯಾಹ್ನ ಓದಿದ ಹಾಳೆಗಳು ಪೆಟ್ಟಿಗೆಯ ಬಾಯಿಗೆ ಹೋದವು. ನಾನು ನೋಡುತ್ತಿದ್ದೆ. ತಡೆಯಲಿಲ್ಲ, ಇದು ಯಾರ ನೆನಪಿನಲ್ಲೂ ಬದಲಾಗುವುದಿಲ್ಲ.

ಒಂಬತ್ತನೆಯ ಮಧ್ಯಾಹ್ನ, ಪುಸ್ತಕದಲ್ಲಿ ನಾಲ್ಕು ಹಾಳೆ ಉಳಿದಿದ್ದಾಗ, ಬಸ್ಸಿನವನು ಒಂದು ಗಂಟು ಎಸೆದು ಹೋದ. ಮಗಳು ಬಿಚ್ಚಿ ನೋಡಿ, "ಮಾಯಸಂದ್ರ ಪೋಸ್ಟ್‌ಮ್ಯಾನ್‌ದು. ಅದೇ ಅಳತೆಯಂತೆ" ಎಂದಳು. ಆಮೇಲೆ ಅವಳು "ಹುಡುಕಿ ಸಾರ್, ನೋಡನ" ಎಂದಳೋ, "ನೋಡು ಈಗ" ಎಂದು ನಾನೇ ಮುಂದಾದೆನೋ. ಹಿಂದಿನ ದಿನ ತಾನೇ ಹುಡುಕುವ ಭಾಗ ಬರೆದು ಮುಗಿಸಿದ್ದೆ. ಅದನ್ನು ಬೇರೆಡೆ ಸಣ್ಣ ಕಡತದಲ್ಲಿ ಪರೀಕ್ಷಿಸಿ, ಓಡುತ್ತಿದ್ದ ಎಡಿಟರನ್ನು ಮುಚ್ಚದೆಯೇ ಅದಕ್ಕೆ ಜೋಡಿಸಿದ್ದೆ. 'ಮಾಯಸಂದ್ರ' ಎಂದು ಟೈಪಿಸಿ ಒತ್ತಿದೆ.

ಪರದೆ ಖಾಲಿಯಾಯಿತು. ಮೇಲ್ತುದಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಮಿನುಗುವ ಕರ್ಸರ್. ನನ್ನ ಹುಡುಕಾಟ ಸಾಲಿನ ಕೊನೆ ದಾಟಿ ತನ್ನದಲ್ಲದ ಜಾಗಕ್ಕೆ ಕಾಲಿಟ್ಟಿತ್ತು, ಯಂತ್ರ ಇಡೀ ಪ್ರೋಗ್ರಾಮನ್ನೇ ಹೊರಗೆ ಹಾಕಿತ್ತು. ಅಂಥ ಸಣ್ಣ ತಪ್ಪು ಪ್ರತಿ ಕಲಿಯುವವನೂ ಮಾಡುತ್ತಾನೆ. ಕಡತ ತೆರೆದು ನೋಡಿದೆ. ಮೊದಲ ದಿನ ಪರೀಕ್ಷೆಗೆಂದು ಬರೆದ ಎರಡು ಸಾಲಿದ್ದವು.

ದರ್ಜಿಯವರಿಗೆ ಪರದೆ ಕಾಣುತ್ತಿರಲಿಲ್ಲ. "ಸಿಕ್ತಾ?" ಎಂದರು.

ಮಗಳು ನನ್ನ ಮುಖ ನೋಡಿದಳು, ಆಮೇಲೆ ಇಸ್ತ್ರಿ ಪೆಟ್ಟಿಗೆ ನೋಡಿದಳು.

"ಎಷ್ಟ್ ಹೋಯ್ತು ಸಾರ್?"

"ಎಲ್ಲಾ."

"ಎಲ್ಲಾ ಅಂದ್ರೆ?"

"ಮೆಷಿನ್ ಕೈ ಕೊಡ್ತು" ಎಂದೆ. ಇದೂ ಖಚಿತವಾಗಿ ನೆನಪಿದೆ. ಬಿಟ್ಟಿ ಸಿಕ್ಕಿದ ಪ್ರೋಗ್ರಾಂ, ಬರೆದವರು ಉಳಿಸುವ ವ್ಯವಸ್ಥೆಯನ್ನೇ ಸರಿಯಾಗಿ ಮಾಡಿಲ್ಲ, ನಾನೇನು ಮಾಡಲಿ ಎಂದೂ ಹೇಳಿದೆ. ಕೇಳಿದವರಿಗೆಲ್ಲ ಆಮೇಲೂ ಹಾಗೆಯೇ ಹೇಳುತ್ತ ಬಂದೆ. ಹೇಳಿ ಹೇಳಿ ಅದೇ ನನ್ನ ನೆನಪೂ ಆಯಿತು.

ದರ್ಜಿಯವರು ಸ್ವಲ್ಪ ಹೊತ್ತು ಟೇಬಲ್ಲಿನ ಮೇಲೆ ಕೈಯಾಡಿಸಿದರು. ಉಳಿದ ನಾಲ್ಕು ಹಾಳೆ ಸಿಕ್ಕಿದವು, ಅವುಗಳ ಮೇಲೆ ಅಂಗೈ ಇಟ್ಟುಕೊಂಡರು. "ಮೆಷಿನ್ ಅಂದ್ಮೇಲೆ ಕೆಡ್ತದೆ ಬುಡಿ," ಎಂದರು. "ಸೂಜಿ ಮುರಿಯಲ್ವಾ? ನನ್ ತಲೇಲ್ ಐತೆ ಎಲ್ಲಾ. ಹೇಳ್ತೀನಿ."

ಮರುದಿನ ನಾನು ನೋಟ್‌ಬುಕ್ ಕೊಂಡು ಹೋದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳುತ್ತ ಹೋದರು. ನಾನು ಪೆನ್ನಿನಲ್ಲಿ ಬರೆದೆ. ತಡೆಯೇ ಇರಲಿಲ್ಲ, ಹುಣಸೆಮರದ ಮನೆಯ ಹಿರಿಯರು ಉಸಿರು ಬಿಟ್ಟ ಮೇಲೆ ನಲವತ್ತೆರಡು ಎಂಬುದೂ ಬಂತು. ನನಗೆ ಪಾರಾದೆ ಎನ್ನಿಸಿತು. ಮೊದಲು ಪೋಸ್ಟ್‌ಮ್ಯಾನ್ ಅಂಗಿ ಮುಗಿಸೋಣ, ಬಟ್ಟೆ ಬಂದು ಕೂತಿದೆ ಎಂದರು ದರ್ಜಿಯವರು. "ಎದೆ ಮೂವತ್ತೆಂಟು, ಉದ್ದ ಇಪ್ಪತ್ತೊಂಬತ್ತು, ಬಲಭುಜ ಮುಕ್ಕಾಲು ಇಂಚು ಇಳಿಸು." ಮಗಳು ಕತ್ತರಿಸಿ ಹೊಲಿದಳು. ಅಂಗಿ ಬಸ್ಸಿನಲ್ಲಿ ಹೋಯಿತು.

ನಾಲ್ಕನೆಯ ದಿನ ಅಂಗಿಯ ಜೊತೆ ಪೋಸ್ಟ್‌ಮ್ಯಾನ್ ತಾವೇ ಬಂದರು. ತೆಳ್ಳಗಿನ ಮನುಷ್ಯ. ಸಿಟ್ಟೇನೂ ಇರಲಿಲ್ಲ, ತಮಾಷೆ ಮಾಡುವ ಉತ್ಸಾಹವೇ ಇತ್ತು.

"ಏನ್ ಸಾಹೇಬ್ರೇ, ಮೂವತ್ ವರ್ಷ ಎಡಕ್ಕೆ ಚೀಲ ಹೊತ್ತೆ. ರಿಟೈರ್ ಆದ್ಮೇಲೆ ಭುಜಾನೂ ವರ್ಗ ಮಾಡ್ಬುಟ್ರಾ?"

ದರ್ಜಿಯವರು ಎದ್ದು ಹತ್ತಿರ ಹೋಗಿ ಅವರ ಎರಡೂ ಭುಜ ಮುಟ್ಟಿ ನೋಡಿದರು. ಎಡಗಡೆಯದ್ದನ್ನು ಎರಡು ಸಲ ಮುಟ್ಟಿದರು. ಅಂಕಿಗಳೆಲ್ಲ ಸರಿಯಾಗಿದ್ದವು, ಎದೆ, ಉದ್ದ, ಮುಕ್ಕಾಲು ಇಂಚು, ಎಲ್ಲ. ಬದಿ ಮಾತ್ರ ತಪ್ಪಿತ್ತು. ಎದುರು ನಿಂತು ಅಳತೆ ತೆಗೆಯುವವನಿಗೆ ಎಡಬಲ ಅದಲುಬದಲಾಗುವುದು ಸಹಜ ಎಂದು ನಾನು ಹೇಳಿದೆ. ಇಂಥ ತಪ್ಪು ನೂರರಲ್ಲಿ ಎಷ್ಟಿರಬಹುದು ಎಂದೂ ಏನೋ ಲೆಕ್ಕ ಹೇಳಲು ಹೊರಟೆ. ದರ್ಜಿಯವರು ನನ್ನ ಕಡೆ ತಿರುಗಲಿಲ್ಲ.

ಪೋಸ್ಟ್‌ಮ್ಯಾನ್ ಹೊಸ ಅಳತೆ ಕೊಟ್ಟು ಹೋದ ಮೇಲೆ, "ನೋಟ್‌ಬುಕ್ ತೆಗೀಲಾ?" ಎಂದೆ.

"ಬ್ಯಾಡ ಮೇಷ್ಟ್ರೇ."

"ಒಂದೇ ತಪ್ಪಲ್ವಾ?"

"ಒಂದು ಅಂತ ಎಂಗೆ ಗೊತ್ತು ನಿಮ್ಗೆ? ಈವಯ್ಯ ಬಂದ, ಗೊತ್ತಾಯ್ತು. ಮಿಕ್ಕೋರು ಬರಲ್ಲ. ಅಂಗಿ ಮಡಚಿ ಪೆಟ್ಗೆಲಿಟ್ಟು, ಮುಂದಿನ್ ಸಲ ರೆಡಿಮೇಡ್ ತಗತಾರೆ." ಹಣೆ ಮುಟ್ಟಿಕೊಂಡು ಹೇಳಿದರು: "ಕಣ್ಣು ಹೋಗೋದು ಗೊತ್ತಿತ್ತು. ಇದೂ ಹೋಗೈತೆ ಅಂತ ಗೊತ್ತಿರ್ಲಿಲ್ಲ. ಪುಸ್ತಕ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಆಮೇಲೆ ಅವರು ಒಂದು ಅಳತೆಯನ್ನೂ ಬಾಯಿಂದ ಹೇಳಲಿಲ್ಲ. ಮಗಳು ಗಂಟು ತಂದವರಿಗೆ "ಒಂದ್ಸಲ ಅವ್ರನ್ನೇ ಬರಕ್ಕೇಳಿ" ಎಂದು ಹೇಳಿ ಕಳಿಸುತ್ತಿದ್ದಳು. ಕೆಲವರು ಬಂದರು. ಹೆಚ್ಚಿನವರ ಗಂಟು ಬಿಚ್ಚದೆ ವಾಪಸು ಹೋಯಿತು. ವರ್ಷದೊಳಗೆ ಅವಳು ಗಂಡಸರ ಬಟ್ಟೆ ಬಿಟ್ಟು ರವಿಕೆ, ನೈಟಿ ಹೊಲಿಯಲು ಕೂತಳು. ಹೆಂಗಸರು ಮಾದರಿಗೆ ಹಳೇ ರವಿಕೆ ತರುತ್ತಾರೆ, ಪುಸ್ತಕ ಬೇಕಿಲ್ಲ. ಆ ಓಣಿಯಲ್ಲಿ ರವಿಕೆ ಹೊಲಿಯುವವರು ಇನ್ನೂ ಐದು ಜನ ಇದ್ದಾರೆ. ಎರಡು ಮೆಷಿನ್ನಲ್ಲಿ ಒಂದರ ಮೇಲೆ ಈಗ ಹೊದಿಕೆ ಹಾಕಿದೆ. ದರ್ಜಿಯವರು ತಮ್ಮನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಹೋದರೆ ಹೆಜ್ಜೆಯಿಂದಲೇ ಗುರುತು ಹಿಡಿದು, "ಬನ್ನಿ ಮೇಷ್ಟ್ರೇ" ಎನ್ನುತ್ತಾರೆ. ಟೀ ತರಿಸುತ್ತಾರೆ. ಆ ಒಂಬತ್ತು ಮಧ್ಯಾಹ್ನಗಳ ಮಾತೆತ್ತುವುದಿಲ್ಲ. ನಾನು ಹೋಗುವುದು ಕಡಿಮೆಯಾಗಿದೆ.

ಮಗಳು ಹಾಳೆಗಳ ವಿಷಯ ಹೇಳಿದ್ದು ಇತ್ತೀಚೆಗೆ, ಅಂಗಿಯ ಗುಂಡಿಗೆ ಕಾಜಾ ಹಾಕಿಸಲು ಹೋದಾಗ. ಆ ದಿನ ರೂಮಿಗೆ ಬಂದು ನನ್ನ ನೆನಪಿನಲ್ಲಿ ಪರೀಕ್ಷಿಸಬಹುದಾದದ್ದು ಯಾವುದಿದೆ ಎಂದು ಯೋಚಿಸಿದೆ. ಹಾಳೆ ಸುಡಬಹುದು ಎಂದವರು ಯಾರು ಎಂಬುದಕ್ಕೆ ದಾಖಲೆಯಿಲ್ಲ; ಇನ್ನು ಸಿಗುವುದೂ ಇಲ್ಲ. ಹುಡುಕು ಎಂದವರು ಯಾರು ಎಂಬುದಕ್ಕೂ ಇಲ್ಲ. ಉಳಿದದ್ದು ಎಡಿಟರ್. ಇಂಥ ಪ್ರೋಗ್ರಾಮುಗಳ ಜೊತೆ ಅವುಗಳ ಚರಿತ್ರೆಯೂ ಇರುತ್ತದೆ: ಯಾವ ಸಾಲನ್ನು ಯಾರು, ಯಾವ ಗಳಿಗೆಯಲ್ಲಿ ಸೇರಿಸಿದರು, ಯಾವುದನ್ನು ಅಳಿಸಿದರು, ಎಲ್ಲ ಸಾಲಾಗಿ. ಹಳೇ ಲ್ಯಾಪ್‌ಟಾಪನ್ನು ಪೆಟ್ಟಿಗೆಯಿಂದ ತೆಗೆದು ಚಾರ್ಜಿಗಿಟ್ಟೆ. ಮೂಲ ಎಡಿಟರನ್ನು ಇನ್ನೊಮ್ಮೆ ಇಳಿಸಿಕೊಂಡು ನನ್ನದರ ಪಕ್ಕದಲ್ಲಿಟ್ಟು ಓದಿದೆ.

ಬರೆದವರು ಮರೆತಿರಲಿಲ್ಲ. ಟೈಪಿಸಿದ್ದನ್ನು ಅರ್ಧ ನಿಮಿಷಕ್ಕೊಮ್ಮೆ ತಾನೇ ಬೇರೊಂದು ಕಡತಕ್ಕೆ ನಕಲು ಮಾಡಿಡುವ ಭಾಗ ಮೂಲದಲ್ಲಿದೆ. ಹನ್ನೊಂದು ಸಾಲು. ನನ್ನ ಪ್ರತಿಯಲ್ಲಿ ಆ ಹನ್ನೊಂದು ಸಾಲು ಇಲ್ಲ. ಅಳಿಸಿದವರ ಜಾಗದಲ್ಲಿ ನನ್ನ ಹೆಸರಿದೆ; ಗಳಿಗೆ, ನಾವು ಮೊದಲ ಸಲ ಕೂತ ದಿನದ ಬೆಳಿಗ್ಗೆ ಹತ್ತೂವರೆ; ಕಾರಣ ಬರೆಯುವ ಜಾಗದಲ್ಲಿ, ನನ್ನದೇ ಕನ್ನಡದಲ್ಲಿ, "ಇಳಿಸುವವರೆಗೆ ಮುಟ್ಟಬಾರದು" ಎಂದಿದೆ.